ಬೈಕಿನ ಹಿಂದಿನ ಶಾಕಪ್: ಯಾವ ಜೋಡಿ ತರಬೇಕು, ಯಾವುದನ್ನು ಮನೆಯಲ್ಲೇ ಹಾಕಬಹುದು

ಶಾಕಪ್, ಅಂದರೆ ಶಾಕ್ ಅಬ್ಸಾರ್ಬರ್, ಹೋಗಿದೆ ಅನ್ನೋದು ಗಾಡಿ ಓಡಿಸುವವರಿಗಿಂತ ಮೊದಲು ಹಿಂದೆ ಕೂತವರಿಗೆ ಗೊತ್ತಾಗುತ್ತದೆ. ನಮ್ಮ ಮನೆಯಲ್ಲಿ ಅದನ್ನು ಹೇಳಿದ್ದು ಅವ್ವ. ತಿಕೋಟಾದಿಂದ ವಿಜಯಪುರದ ದವಾಖಾನೆಗೆ ಕರೆದುಕೊಂಡು ಬರುತ್ತಿದ್ದೆ. "ತಮ್ಮಾ, ಸಾವಕಾಶ ಹೊಡಿಯೋ, ನಡ ಹಿಡೀತು" ಅಂದಳು. ನಾನು 40ರ ಮೇಲೆ ಹೋಗಿರಲೇ ಇಲ್ಲ. ಮುಂದಿನ ಹಂಪ್ ದಾಟಿದಾಗ ಗಮನ ಕೊಟ್ಟು ನೋಡಿದೆ. ಚಕ್ರ ಇಳಿದ ಮೇಲೂ ಹಿಂಭಾಗ ಎರಡು ಮೂರು ಸಲ ಕುಣಿಯಿತು.

ಮರುದಿನ ಬಿಡಿಭಾಗದ ಅಂಗಡಿಗೆ ಹೋದೆ. "ಸಾದಾ ಕೊಡ್ಲ್ಯೋ, ಗ್ಯಾಸ್ ಕೊಡ್ಲ್ಯೋ, ಹೆವಿ ಬೇಕೋ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆಗೆ ನಿಮ್ಮ ಹತ್ತಿರ ಉತ್ತರ ಇರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಆಮೇಲೆ ನಾನು ಮೂರು ಗಾಡಿಗಳ ಶಾಕಪ್ ಮನೆ ಅಂಗಳದಲ್ಲೇ ಬದಲಿಸಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹಿಂದಿನ ಸೀಟಿನ ಮೇಲೆ ದಿನಾ ಏನು ಕೂರುತ್ತದೆ ಅನ್ನೋದನ್ನು ನೋಡಿ ಶಾಕಪ್ ಆರಿಸಬೇಕು. ಬೆಲೆ, ಬಣ್ಣ, ಕ್ರೋಮ್ ಹೊಳಪು ಎಲ್ಲ ಆಮೇಲಿನ ಮಾತು.

ಆರಿಸಬೇಕೆಂದರೆ ಅದರೊಳಗಿನ ಎರಡು ಕೆಲಸ ಬೇರೆ ಬೇರೆ ಅಂತ ತಿಳಿದಿರಬೇಕು. ಹೊರಗೆ ಕಾಣುವ ಸ್ಪ್ರಿಂಗ್ ಭಾರ ಹೊರುತ್ತದೆ. ಒಳಗಿನ ಆಯಿಲ್ ತುಂಬಿದ ಕೊಳವೆ ಆ ಸ್ಪ್ರಿಂಗಿನ ಕುಣಿತ ನಿಲ್ಲಿಸುತ್ತದೆ. ಪಿಸ್ಟನ್ ಮೇಲೆ ಕೆಳಗೆ ಹೋಗುವಾಗ ಆಯಿಲ್ ಸಣ್ಣ ತೂತುಗಳಲ್ಲಿ ಹಾದು ಹೋಗಬೇಕು. ಆ ತಡೆಯಲ್ಲೇ ಕುಣಿತದ ಶಕ್ತಿ ಬಿಸಿಯಾಗಿ ಕಳೆದುಹೋಗುತ್ತದೆ. ಸ್ಪ್ರಿಂಗ್ ಸಾಮಾನ್ಯವಾಗಿ ವರ್ಷಗಟ್ಟಲೆ ಬಾಳುತ್ತದೆ. ಮೊದಲು ಸೋಲುವುದು ಆಯಿಲ್, ಅದು ಸೋರದಂತೆ ತಡೆಯುವ ಸೀಲ್ ಮತ್ತು ರಬ್ಬರ್ ಬುಶ್.

ನಿಜವಾಗಿಯೂ ಹೋಗಿದೆಯಾ?

ದುಡ್ಡು ಬಿಚ್ಚುವ ಮುಂಚೆ ಹತ್ತು ನಿಮಿಷ ಕೊಡಿ. ಗಾಡಿಯನ್ನು ನೆಟ್ಟಗೆ ಹಿಡಿದು ಸೀಟಿನ ಹಿಂಭಾಗವನ್ನು ಜೋರಾಗಿ ಒತ್ತಿ ಬಿಡಿ. ಒಮ್ಮೆ ಮೇಲೆ ಬಂದು ನಿಂತರೆ ಸರಿ ಇದೆ. ಎರಡು ಮೂರು ಸಲ ಕುಣಿದರೆ ಆಯಿಲ್ ಕೆಲಸ ಮಾಡುತ್ತಿಲ್ಲ. ಆಮೇಲೆ ಕೊಳವೆಯೊಳಗೆ ಹೋಗಿ ಬರುವ ರಾಡ್ ನೋಡಿ. ತೆಳುವಾಗಿ ಆಯಿಲ್ ಒರೆಸಿದಂತಿದ್ದರೆ ಪರವಾಗಿಲ್ಲ. ಒದ್ದೆಯಾಗಿ, ಮಣ್ಣು ಮೆತ್ತಿ ಕೆಳಗೆ ಸುರಿದಿದ್ದರೆ ಸೀಲ್ ಹೋಗಿದೆ.

ಹಳೆಯ ಮಿಸ್ತ್ರಿಯೊಬ್ಬರು ತೋರಿಸಿಕೊಟ್ಟ ಒಂದು ಪರೀಕ್ಷೆ ನನಗೆ ತುಂಬಾ ಇಷ್ಟ. ಕೆಟ್ಟ ರಸ್ತೆಯಲ್ಲಿ ಐದಾರು ಕಿಲೋಮೀಟರ್ ಓಡಿಸಿ ಬನ್ನಿ. ಇಳಿದ ಕೂಡಲೇ ಎರಡೂ ಶಾಕಪ್ಪಿನ ಕೊಳವೆ ಮುಟ್ಟಿ ನೋಡಿ. ಕೆಲಸ ಮಾಡಿದ್ದು ಬೆಚ್ಚಗಿರುತ್ತದೆ. ಸತ್ತಿರುವುದು ತಣ್ಣಗಿರುತ್ತದೆ. ಸೈಲೆನ್ಸರ್ ಕಡೆಯದಕ್ಕೆ ಸೈಲೆನ್ಸರಿನ ಬಿಸಿಯೂ ತಾಗಿರುತ್ತದೆ, ಅದನ್ನು ಲೆಕ್ಕಕ್ಕೆ ತಗೊಳ್ಳಿ, ಕೈಯನ್ನೂ ಕಾಪಾಡಿಕೊಳ್ಳಿ.

ಟಕ್ ಟಕ್ ಸದ್ದು ಮಾತ್ರ ಇದ್ದು ಕುಣಿತ ಇಲ್ಲದಿದ್ದರೆ, ಬಹಳ ಸಲ ಅದು ಮೇಲಿನ ಅಥವಾ ಕೆಳಗಿನ ಕಣ್ಣಿನ (ಶಾಕಪ್ಪಿನ ತುದಿಯಲ್ಲಿ ಬೋಲ್ಟ್ ಕೂರುವ ತೂತಿನ) ರಬ್ಬರ್ ಬುಶ್. ಬುಶ್‌ಗೆ ಶಾಕಪ್ ಜೋಡಿಯ ಸಣ್ಣ ಪಾಲು ದುಡ್ಡೂ ಆಗುವುದಿಲ್ಲ. ಹಿಂದಿನ ಟೈರಿನ ಗಾಳಿ ಜಾಸ್ತಿ ಇದ್ದರೂ ಗಾಡಿ ಗಟ್ಟಿಯಾಗಿ ಕುಟ್ಟುತ್ತದೆ. ಇದೊಂದನ್ನು ನೋಡದೆ ಶಾಕಪ್ ಬದಲಿಸಿದವರನ್ನು ನಾನು ಕಂಡಿದ್ದೇನೆ.

ಖರ್ಚಿಲ್ಲದ ದಾರಿ: ಹಂತದ ಬಳೆ ತಿರುಗಿಸುವುದು

ಸ್ಪ್ರಿಂಗಿನ ಒಂದು ತುದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಒಂದು ಬಳೆ ಇರುತ್ತದೆ. ಈಗಿನ ಸ್ಪ್ಲೆಂಡರ್ ಪ್ಲಸ್‌ನಲ್ಲಿ ಇದಕ್ಕೆ 5 ಹಂತ. ಆಕ್ಟಿವಾ 6ಜಿಯಲ್ಲಿ 3 ಹಂತ. ಟೂಲ್ ಕಿಟ್‌ನಲ್ಲಿ ಬರುವ ಕೊಕ್ಕೆ ಪಾನಾದಿಂದ ತಿರುಗಿಸಬಹುದು. ಒಬ್ಬರೇ ಹೋಗುವಾಗ ಕೆಳಗಿನ ಹಂತ, ಇಬ್ಬರಿಗೆ ನಡುವಿನದು, ಚೀಲ ಹೇರಿದರೆ ಮೇಲಿನದು.

ಇದರಿಂದ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಲ್ಲ. ಸ್ಪ್ರಿಂಗ್ ಅದೇ, ಅದರ ಗಡಸುತನವೂ ಅದೇ. ಮೊದಲೇ ಸ್ವಲ್ಪ ಒತ್ತಿ ಇಟ್ಟಿದ್ದರಿಂದ ಗಾಡಿಯ ಹಿಂಭಾಗ ಮೇಲೆದ್ದು ನಿಲ್ಲುತ್ತದೆ, ಭಾರ ಬಿದ್ದಾಗ ತಳಕ್ಕೆ ಹೋಗಿ ಬಡಿಯುವುದು ಕಡಿಮೆಯಾಗುತ್ತದೆ ಅಷ್ಟೆ. ನೀವು ದಿನಾ ಹೇರುವ ಭಾರಕ್ಕೆ ಶಾಕಪ್ ತನ್ನ ಪೂರ್ತಿ ಓಡಾಟದ ಮೂರನೇ ಒಂದು ಪಾಲಿನಷ್ಟು ಕುಸಿದರೆ ಚೆನ್ನಾಗಿ ಹೊಂದಿಕೊಂಡಿದೆ ಅಂತ ಅರ್ಥ. ಎರಡೂ ಕಡೆ ಒಂದೇ ಹಂತದಲ್ಲಿರಬೇಕು. ಒಂದು ಕಡೆ ಎರಡು, ಇನ್ನೊಂದು ಕಡೆ ನಾಲ್ಕು ಇಟ್ಟು ಓಡಿಸಿದರೆ ತಿರುವಿನಲ್ಲಿ ಗಾಡಿ ಎಳೆಯುತ್ತದೆ.

ಕುಣಿತ ಇಲ್ಲ, ಬರೀ ತಳ ಬಡಿಯುತ್ತದೆ ಅನ್ನುವವರು ಮೊದಲು ಇದನ್ನೇ ಮಾಡಿ ನೋಡಿ. ಅಂಗಡಿಗೆ ಹೋಗುವ ಕೆಲಸವೇ ತಪ್ಪಬಹುದು.

ಆಯಿಲ್ ಹಾಕಿಸುವುದೋ, ಹೊಸದು ತರುವುದೋ?

ನಾನು ಮೊದಲ ಸಲ ಆಯಿಲ್ ಹಾಕಿಸಿದೆ. ಪರಿಚಯದ ಗ್ಯಾರೇಜಿನಲ್ಲಿ ಕೊಳವೆ ಬಿಚ್ಚಿ, ಹೊಸ ಸೀಲ್ ಹಾಕಿ, ಆಯಿಲ್ ತುಂಬಿ ಕೊಟ್ಟರು. ಹೊಸದರ ಅರ್ಧ ಖರ್ಚೂ ಆಗಲಿಲ್ಲ. ಒಂದು ತಿಂಗಳು ಚೆನ್ನಾಗಿತ್ತು. ಎರಡನೇ ತಿಂಗಳು ಬಲಗಡೆಯದು ಮತ್ತೆ ಒದ್ದೆಯಾಯಿತು. ಕಾರಣ ಆಮೇಲೆ ತಿಳಿಯಿತು. ರಾಡಿನ ಕ್ರೋಮ್ ಮೇಲೆ ತುಕ್ಕಿನ ಸಣ್ಣ ಚುಕ್ಕೆಗಳಿದ್ದವು. ಅವು ಗರಗಸದ ಹಲ್ಲಿನಂತೆ ಹೊಸ ಸೀಲನ್ನೂ ತಿಂದು ಹಾಕಿದ್ದವು.

ಹಾಗಾಗಿ ನನ್ನ ಲೆಕ್ಕ ಇಷ್ಟು. ರಾಡಿನ ಮೇಲೆ ಉಗುರು ಎಳೆದರೆ ಎಲ್ಲೂ ತಡೆಯಬಾರದು. ಕನ್ನಡಿಯಂತೆ ನುಣ್ಣಗಿದ್ದು, ಒಳ್ಳೆಯ ಕೈಯ ಮಿಸ್ತ್ರಿ ಸಿಕ್ಕರೆ ಆಯಿಲ್ ಹಾಕಿಸುವುದು ನಡೆಯುತ್ತದೆ. ಚುಕ್ಕೆ ಇದ್ದರೆ ಬೇಡವೇ ಬೇಡ. ಖಾನಾಪುರ ಕಡೆ ಮಳೆ ಜಾಸ್ತಿ, ಅಲ್ಲಿ ಹೊರಗೆ ನಿಲ್ಲಿಸುವ ಗಾಡಿಗಳಿಗೆ ಈ ತುಕ್ಕು ಬೇಗ ಬರುತ್ತದೆ. ನಮ್ಮ ವಿಜಯಪುರ ಕಡೆ ತುಕ್ಕಿಗಿಂತ ಧೂಳಿನ ಕಾಟ ದೊಡ್ಡದು. ಕಬ್ಬಿನ ಟ್ರಾಲಿ ಓಡಾಡುವ ಮುಧೋಳ, ಜಮಖಂಡಿ ಭಾಗದಲ್ಲಿ ಗುಂಡಿಯದೇ ಕಾಟ.

ಗ್ಯಾಸ್ ತುಂಬಿದ ಶಾಕಪ್ಪಿಗೆ ಮನೆಯಲ್ಲಾಗಲೀ ಸಣ್ಣ ಗ್ಯಾರೇಜಿನಲ್ಲಾಗಲೀ ಕೈ ಹಾಕಿಸಬೇಡಿ. ಒಳಗೆ ಒತ್ತಡ ಇರುತ್ತದೆ.

ಗುಜರಿಯಿಂದ ಹಳೆಯ ಜೋಡಿ ತರುವವರೂ ಇದ್ದಾರೆ. ಅದು ಎಷ್ಟು ದಿನ ಬರುತ್ತದೆ ಅಂತ ಕೊಟ್ಟವರಿಗೂ ಗೊತ್ತಿರುವುದಿಲ್ಲ. ಹಿಂದೆ ಮಕ್ಕಳನ್ನೋ ಅವ್ವನನ್ನೋ ಕೂರಿಸುವ ಗಾಡಿಗೆ ನಾನಂತೂ ಹಾಕುವುದಿಲ್ಲ.

ಸಾದಾ, ಗ್ಯಾಸ್, ಹೆವಿ

ಸಾದಾ ಅಂದರೆ ಆಯಿಲ್ ಮತ್ತು ಸ್ವಲ್ಪ ಗಾಳಿ ಇರುವ ಮಾಮೂಲಿ ಶಾಕಪ್. 100 ಸಿಸಿ ಗಾಡಿಗಳಿಗೆ ಕಂಪನಿಯಿಂದಲೇ ಹೆಚ್ಚಾಗಿ ಇದೇ ಬರುತ್ತದೆ. ಮೆತ್ತಗಿರುತ್ತದೆ, ಬೆಲೆ ಕಡಿಮೆ, ಎಲ್ಲ ಊರಲ್ಲೂ ಸಿಗುತ್ತದೆ. ಇದಕ್ಕೆ ಒಂದು ಮಿತಿ ಇದೆ. ಕೆಟ್ಟ ರಸ್ತೆಯಲ್ಲಿ ಜೋರಾಗಿ ಬಹಳ ಹೊತ್ತು ಓಡಿಸಿದರೆ ಆಯಿಲ್ ಕಾಯುತ್ತದೆ, ತೆಳ್ಳಗಾಗುತ್ತದೆ, ಗಾಳಿ ಬೆರೆತು ನೊರೆಯಾಗುತ್ತದೆ. ನೊರೆಗೆ ತಡೆಯುವ ಶಕ್ತಿ ಇಲ್ಲ. ಆಗ ಒಳ್ಳೆಯ ಶಾಕಪ್ಪೂ ಕುಣಿಯತೊಡಗುತ್ತದೆ. ನಮ್ಮಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಮಾಮೂಲು, ಆದ್ದರಿಂದ ಇದು ಸುಮ್ನೆ ಪುಸ್ತಕದ ಮಾತಲ್ಲ.

ಗ್ಯಾಸ್ ಶಾಕಪ್ಪಿನಲ್ಲಿ ಗಾಳಿಯ ಬದಲು ಒತ್ತಡದಲ್ಲಿ ನೈಟ್ರೋಜನ್ ತುಂಬಿರುತ್ತಾರೆ. ಒತ್ತಡ ಇರುವುದರಿಂದ ಆಯಿಲ್‌ನಲ್ಲಿ ಗುಳ್ಳೆ ಏಳುವುದಿಲ್ಲ. ಪಲ್ಸರ್ 150ರಲ್ಲಿ ಪಕ್ಕಕ್ಕೆ ಸಣ್ಣ ಡಬ್ಬಿ ಅಂಟಿಕೊಂಡಂತೆ ಕಾಣುತ್ತದಲ್ವಾ, ಅದು ಇದೇ. ಡಬ್ಬಿ ಇಲ್ಲದೆ ಕೊಳವೆಯೊಳಗೇ ಗ್ಯಾಸ್ ಇರುವವೂ ಉಂಟು. ವೇಗದಲ್ಲಿ, ದೂರದ ಓಡಾಟದಲ್ಲಿ ಇವು ಒಂದೇ ಸಮ ಇರುತ್ತವೆ. ಆದರೆ ಒತ್ತಡ ರಾಡನ್ನು ಹೊರಗೆ ತಳ್ಳುವುದರಿಂದ ಕೂತಾಗ ತುಸು ಗಟ್ಟಿ ಅನಿಸುತ್ತವೆ. ಸೀಲ್ ಹೋದರೆ ರಿಪೇರಿ ಇಲ್ಲ, ಹೊಸದೇ ಗತಿ.

ಇಲ್ಲಿ ನಮ್ಮ ನೆಲದ ಮಾತೂ ಬರುತ್ತದೆ. ಡೋಣಿ ಹೊಳೆ ಸಾಲಿನ ಎರಿ (ಕಪ್ಪು ಮಣ್ಣಿನ) ನೆಲ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಟ್ಟು ಕುಗ್ಗುತ್ತದೆ. ಅದರ ಮೇಲಿನ ಡಾಂಬರು ಒಂದೆರಡು ವರ್ಷದಲ್ಲಿ ಅಲೆ ಅಲೆಯಾಗಿಬಿಡುತ್ತದೆ. ಗುಂಡಿ ಒಂದೇ ಸಲ ಹೊಡೆಯುತ್ತದೆ. ಅಲೆ ಹಾಗಲ್ಲ, ಮೈಲಿಗಟ್ಟಲೆ ಮೇಲೆ ಕೆಳಗೆ ಆಡಿಸುತ್ತಲೇ ಇರುತ್ತದೆ. ಅಂಥ ರಸ್ತೆಯಲ್ಲಿ ದಿನಾ 60ರ ವೇಗದಲ್ಲಿ ಕೆಲಸಕ್ಕೆ ಹೋಗಿ ಬರುವವರಿಗೆ ಗ್ಯಾಸ್ ಜೋಡಿಗೆ ಕೊಟ್ಟ ದುಡ್ಡು ವ್ಯರ್ಥ ಆಗುವುದಿಲ್ಲ. ಊರೊಳಗೆ, ಹೊಲಕ್ಕೆ, ಸಂತೆಗೆ ಅಂತ 30–40ರಲ್ಲಿ ಓಡಾಡುವವರಿಗೆ ಆ ವ್ಯತ್ಯಾಸ ತಿಳಿಯುವುದೇ ಇಲ್ಲ. ಅವರು ಸಾದಾ ತಗೊಳ್ಳಲಿ, ಆ ದುಡ್ಡಲ್ಲಿ ಒಳ್ಳೆಯ ಟೈರ್ ಹಾಕಿಸಲಿ.

ಹೆವಿ ಅಂತ ಮಾರುವುದು ದಪ್ಪ ತಂತಿಯ ಸ್ಪ್ರಿಂಗ್ ಇರುವ ಜೋಡಿ. ಕೆಲವು ಗಾಡಿಗಳಲ್ಲಿ ಸ್ಪ್ರಿಂಗ್ ಒಳಗೆ ಇನ್ನೊಂದು ಸ್ಪ್ರಿಂಗ್ ಇರುತ್ತದೆ, ಬಜಾಜ್ ಸಿಟಿ 100ರಲ್ಲಿ ನೋಡಿರಬಹುದು. ನನ್ನ ಕಾಕಾನ ಮಗ ಟಿವಿಎಸ್ ಎಕ್ಸ್‌ಎಲ್‌ನಲ್ಲಿ ದಿನಾ ಹಾಲು ಸಾಗಿಸುತ್ತಾನೆ. 40 ಲೀಟರಿನ ಕ್ಯಾನ್ ತುಂಬಿದರೆ ಹಾಲೇ 40 ಕಿಲೋ ಮೇಲೆ, ಕ್ಯಾನಿನ ತೂಕ ಬೇರೆ. ಮರಳಿ ಬರುವಾಗ ಕಣಕಿ (ಜೋಳದ ದಂಟಿನ ಮೇವು) ಹೊರೆ. ಅವನಿಗೆ ಗಟ್ಟಿ ಸ್ಪ್ರಿಂಗ್ ಬೇಕೇ ಬೇಕು. ಇಂಡಿ ಕಡೆ ಲಿಂಬೆ ಚೀಲ ಹೇರಿಕೊಂಡು ಮಾರ್ಕೆಟ್ಟಿಗೆ ಹೋಗುವವರಿಗೂ ಅಷ್ಟೆ.

ಆದರೆ ಭಾರ ಇಲ್ಲದವರು ಹೆವಿ ಹಾಕಿಸಿದರೆ ಏನಾಗುತ್ತದೆ ಅಂತ ನಾನು ಓಡಿಸಿ ನೋಡಿದ್ದೇನೆ. ಸ್ಪ್ರಿಂಗ್ ಕುಸಿಯುವುದೇ ಇಲ್ಲ. ಪ್ರತಿ ಕಲ್ಲೂ ನೇರ ಬೆನ್ನಿಗೆ ಬರುತ್ತದೆ. ಇನ್ನೂ ಒಂದು ತೊಂದರೆ ಇದೆ. ಅಗ್ಗದ ಹೆವಿ ಜೋಡಿಗಳಲ್ಲಿ ಸ್ಪ್ರಿಂಗ್ ಮಾತ್ರ ದಪ್ಪ ಮಾಡಿ, ಒಳಗಿನ ಆಯಿಲ್ ಕೊಳವೆಯನ್ನು ಮೊದಲಿನಂತೆಯೇ ಬಿಟ್ಟಿದ್ದರೆ, ಆ ಬಲವಾದ ಸ್ಪ್ರಿಂಗಿನ ಕುಣಿತ ನಿಲ್ಲಿಸಲು ಅದಕ್ಕೆ ಆಗುವುದಿಲ್ಲ. ಚಕ್ರ ನೆಲ ಬಿಟ್ಟು ಎಗರುತ್ತದೆ. ಎಗರಿದ ಚಕ್ರಕ್ಕೆ ಬ್ರೇಕ್ ಹಿಡಿಯುವುದಿಲ್ಲ. ಹೆವಿ ಹಾಕಿದ ಮಾತ್ರಕ್ಕೆ ಗಾಡಿ ಹೊರುವ ಶಕ್ತಿಯೂ ಹೆಚ್ಚುವುದಿಲ್ಲ. ರಿಮ್ಮು, ಕಡ್ಡಿ, ಬ್ರೇಕು ಎಲ್ಲ ಹಳೆಯವೇ ತಾನೆ?

ನಾನು ಕೊನೆಗೆ ತಂದದ್ದು ಸಾದಾ ಜೋಡಿ. ಒಬ್ಬನೇ ಇದ್ದಾಗ ಎರಡನೇ ಹಂತ, ಅವ್ವ ಕೂರುವ ದಿನ ಮೂರನೆಯದು. ವಯಸ್ಸಾದವರನ್ನು ಕೂರಿಸುವ ಗಾಡಿಗೆ ಮೆತ್ತಗಿನ ಸ್ಪ್ರಿಂಗೇ ಒಳ್ಳೆಯದು ಅಂತ ನನಗೆ ಖಾತ್ರಿಯಾಗಿದೆ.

ಕಂಪನಿಯದೇ ಬೇಕಾ?

ಬಹಳಷ್ಟು ಗಾಡಿ ಕಂಪನಿಗಳು ಶಾಕಪ್ಪನ್ನು ಬೇರೆಯವರಿಂದ ಮಾಡಿಸಿಕೊಳ್ಳುತ್ತವೆ. ಮುಂಜಾಲ್ ಶೋವಾ ಹೀರೋಗೆ, ಎಂಡ್ಯೂರೆನ್ಸ್ ಬಜಾಜ್‌ಗೆ, ಗೇಬ್ರಿಯಲ್ ಟಿವಿಎಸ್‌ಗೆ ಕೊಡುತ್ತವೆ. ಗೇಬ್ರಿಯಲ್, ಎಂಡ್ಯೂರೆನ್ಸ್‌ನಂಥವರು ತಮ್ಮ ಹೆಸರಿನಲ್ಲೂ ಅಂಗಡಿಗೆ ಮಾರುತ್ತಾರೆ. ಆದ್ದರಿಂದ ಗಾಡಿ ಕಂಪನಿಯ ಡಬ್ಬಿಯೇ ಬೇಕು ಅಂತ ಹಟ ಬೇಕಿಲ್ಲ. ನಾನು ಕೇಳಿದ ಅಂಗಡಿಗಳಲ್ಲಿ 100 ಸಿಸಿ ಗಾಡಿಯ ಸಾದಾ ಜೋಡಿಗೆ ಸುಮಾರು 1,500ರಿಂದ 2,500 ರೂಪಾಯಿ ಹೇಳಿದರು. ಇದಕ್ಕಿಂತ ತೀರಾ ಕಡಿಮೆಗೆ ಕೊಡುತ್ತೇನೆ ಅಂದರೆ ಹೆಸರಿನ ನಕಲು ಇರಬಹುದು ಅಂತ ಎಚ್ಚರ ವಹಿಸಿ. ಬಿಲ್ ಕೇಳಿ.

ಹೆಸರಿಗಿಂತ ಮುಖ್ಯ ಅಳತೆ. ಮೇಲಿನ ಕಣ್ಣಿನ ನಡುವಿನಿಂದ ಕೆಳಗಿನ ಕಣ್ಣಿನ ನಡುವಿನ ತನಕ ಉದ್ದ ಹಳೆಯದರಷ್ಟೇ ಇರಬೇಕು. ಹಳೆಯದನ್ನು ಅಳೆದುಕೊಂಡು ಹೋಗಿ. ಉದ್ದ ಜಾಸ್ತಿಯಾದರೆ ಡಬಲ್ ಸ್ಟ್ಯಾಂಡ್ ಹಾಕಿದರೂ ಹಿಂದಿನ ಚಕ್ರ ನೆಲ ಬಿಡುವುದಿಲ್ಲ. ಚೈನಿನ ಬಿಗಿಯೂ ಬದಲಾಗುತ್ತದೆ. ಕಣ್ಣಿನ ತೂತಿನ ಅಗಲವೂ ಒಂದೇ ಇರಬೇಕು. ದೊಡ್ಡದಿದ್ದರೆ ವಾಷರ್ ತುರುಕಿ ಸರಿಮಾಡುತ್ತೇನೆ ಅನ್ನುವವರ ಮಾತು ಕೇಳಬೇಡಿ.

ಒಂದೇ ಕಡೆ ಹೋಗಿದ್ದರೂ ಎರಡೂ ಬದಲಿಸಿ. ಹಾಲಿನ ಕ್ಯಾನ್ ಒಂದೇ ಬದಿಗೆ ತೂಗು ಹಾಕುವವರಿಗೆ ಆ ಬದಿಯದೇ ಮೊದಲು ಹೋಗುತ್ತದೆ, ಇನ್ನೊಂದು ಚೆನ್ನಾಗಿಯೇ ಕಾಣುತ್ತದೆ. ಹೊಸದು ಒಂದು, ಹಳೆಯದು ಒಂದು ಇದ್ದರೆ ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್ ತಿರುಚುತ್ತದೆ, ಹೊಸದರ ಮೇಲೆ ಭಾರ ಜಾಸ್ತಿ ಬಿದ್ದು ಅದೂ ಬೇಗ ಸೋಲುತ್ತದೆ.

ಮನೆಯಲ್ಲೋ, ಗ್ಯಾರೇಜಿನಲ್ಲೋ

ಎರಡು ಶಾಕಪ್ ಇದ್ದು ಡಬಲ್ ಸ್ಟ್ಯಾಂಡ್ ಇರುವ ಗಾಡಿಯಾದರೆ ಮನೆಯಲ್ಲಿ ಧೈರ್ಯವಾಗಿ ಮಾಡಬಹುದು. ಸ್ಪ್ಲೆಂಡರ್, ಸಿಟಿ 100, ಎಕ್ಸ್‌ಎಲ್ ಇಂಥವು. ಯೂನಿಕಾರ್ನ್‌ನಂತೆ ನಡುವೆ ಒಂದೇ ಶಾಕಪ್ ಇರುವವು ಬೇಡ. ಅದನ್ನು ಬಿಚ್ಚಿದರೆ ಹಿಂಭಾಗ ಹಿಡಿಯಲು ಏನೂ ಉಳಿಯುವುದಿಲ್ಲ, ಗಾಡಿಯನ್ನು ಮೇಲಿಂದ ತೂಗು ಹಾಕಬೇಕಾಗುತ್ತದೆ. ಹೆಚ್ಚಿನ ಸ್ಕೂಟರುಗಳಲ್ಲೂ ಹಿಂದೆ ಒಂದೇ ಇರುತ್ತದೆ, ಪ್ಲಾಸ್ಟಿಕ್ ಭಾಗಗಳನ್ನೂ ಬಿಚ್ಚಬೇಕು. ಮೊದಲ ಸಲದವರು ಅದನ್ನು ಗ್ಯಾರೇಜಿಗೇ ಕೊಡಿ. ಹೊಸ ಶಾಕಪ್ಪಿಗೆ ಹಳೆಯ ಸ್ಪ್ರಿಂಗ್ ಹಾಕಬೇಕು ಅಂತ ಬಂದರೂ ಗ್ಯಾರೇಜಿಗೇ ಹೋಗಿ. ಒತ್ತಿ ಹಿಡಿಯುವ ಸಾಧನ ಇಲ್ಲದೆ ಬಿಚ್ಚಿದ ಸ್ಪ್ರಿಂಗ್ ಹಾರಿ ಬಂದರೆ ಹಲ್ಲು ಕಣ್ಣು ಉಳಿಯುವುದಿಲ್ಲ.

ಮನೆಯಲ್ಲಿ ಮಾಡುವವರು ಹಿಂದಿನ ರಾತ್ರಿಯೇ ನಾಲ್ಕೂ ನಟ್ಟಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬೆಳಿಗ್ಗೆ, ಸೈಲೆನ್ಸರ್ ತಣ್ಣಗಿರುವಾಗ, ಫರಸಿ ಕಲ್ಲಿನ ಮೇಲೋ ಕಾಂಕ್ರೀಟಿನ ಮೇಲೋ ಡಬಲ್ ಸ್ಟ್ಯಾಂಡ್ ಹಾಕಿ. ಮಣ್ಣಿನ ನೆಲ ಬೇಡ, ಸ್ಟ್ಯಾಂಡ್ ಹೂತುಕೊಳ್ಳುತ್ತದೆ. ಮುಂದಿನ ಚಕ್ರಕ್ಕೆ ಇಟ್ಟಿಗೆ ಕೊಡಿ. ಹಿಂದಿನ ಚಕ್ರದ ಕೆಳಗೆ ಹಲಗೆ ತೂರಿಸಿ, ಚಕ್ರ ಜೋತು ಬೀಳದಷ್ಟು ಮಾತ್ರ ಆಸರೆ ಕೊಡಿ.

ಇಲ್ಲಿ ಒಂದೇ ಒಂದು ನಿಯಮ ಎಂದೂ ಮುರಿಯಬೇಡಿ. ಒಂದು ಕಡೆ ಬಿಚ್ಚಿ, ಹೊಸದು ಹಾಕಿ, ಆಮೇಲೆ ಇನ್ನೊಂದು ಕಡೆ. ಎರಡನ್ನೂ ಒಟ್ಟಿಗೆ ತೆಗೆದರೆ ಸ್ವಿಂಗ್ ಆರ್ಮ್ ಕೆಳಗೆ ಬೀಳುತ್ತದೆ, ತೂತು ಹೊಂದಿಸುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೋ ತಗೊಳ್ಳಿ. ಯಾವ ವಾಷರ್ ಒಳಗಿತ್ತು, ಯಾವುದು ಹೊರಗಿತ್ತು ಅನ್ನೋದು ಅರ್ಧ ಗಂಟೆಯಲ್ಲಿ ಮರೆತುಹೋಗುತ್ತದೆ.

ಮೊದಲು ಎಡಗಡೆ. ಹಲವು ಗಾಡಿಗಳಲ್ಲಿ ಸೀರೆ ಗಾರ್ಡ್ ಶಾಕಪ್ಪಿನ ಬೋಲ್ಟಿಗೇ ಸಿಕ್ಕಿರುತ್ತದೆ, ಅದನ್ನು ಬಿಡಿಸಿ. ಕೆಳಗಿನ ಬೋಲ್ಟ್ ತೆಗೆದು, ಮೇಲಿನ ನಟ್ಟು ಬಿಚ್ಚಿ, ಶಾಕಪ್ಪನ್ನು ಹೊರಗೆ ಜಾರಿಸಿ. ಬೋಲ್ಟ್ ಬರುತ್ತಿಲ್ಲ ಅಂತ ಸುತ್ತಿಗೆ ಎತ್ತಬೇಡಿ. ಚಕ್ರವನ್ನು ಹಲಗೆಯಿಂದ ಒಂದು ಬೆರಳಷ್ಟು ಎತ್ತಿಯೋ ಇಳಿಸಿಯೋ ನೋಡಿ. ಭಾರ ಸರಿದ ಕೂಡಲೇ ಬೋಲ್ಟ್ ಕೈಯಲ್ಲೇ ಬರುತ್ತದೆ. ಹೊಸದನ್ನು ಹಾಕುವಾಗ ಹಂತದ ಬಳೆ ಕೆಳಗಿನ ಹಂತದಲ್ಲಿರಲಿ. ಶಾಕಪ್ಪಿನ ಕಣ್ಣು ಕೂರುವ ಪಿನ್ನಿಗೆ ತೆಳುವಾಗಿ ಗ್ರೀಸ್ ಸವರಿ, ರಬ್ಬರಿಗೆ ಮಾತ್ರ ಬೇಡ. ಗ್ರೀಸ್ ರಬ್ಬರನ್ನು ಕೊಳೆಸುತ್ತದೆ, ಅದಕ್ಕೆ ಸಾಬೂನು ನೀರು ಸಾಕು. ಹೊಸದು ಯಾವ ತುದಿ ಮೇಲೆ ಅಂತ ಹಳೆಯದರ ಫೋಟೋ ನೋಡಿ, ಡಬ್ಬಿಯ ಕಾಗದವನ್ನೂ ಓದಿ.

ಬಲಗಡೆ ಸೈಲೆನ್ಸರ್ ಅಡ್ಡ ಬರಬಹುದು. ಪಾನಾ ಪೂರ್ತಿ ಕೂರದಿದ್ದರೆ ಸೈಲೆನ್ಸರಿನ ಹಿಂದಿನ ಬೋಲ್ಟ್ ಸಡಿಲಿಸಿ. ಅರ್ಧ ಕೂತ ಪಾನಾದಿಂದ ನಟ್ಟಿನ ಮೂಲೆ ಸವೆದರೆ ಆಮೇಲೆ ತುಂಬಾ ಕಷ್ಟ.

ಎಲ್ಲ ನಟ್ಟನ್ನೂ ಮೊದಲು ಕೈಬಿಗಿ ಮಾಡಿ. ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ಚಕ್ರದ ಮೇಲೆ ಭಾರ ಬಿಟ್ಟ ಮೇಲೆ ಪೂರ್ತಿ ಬಿಗಿ ಮಾಡಿ. ಜೋತಾಡುವಾಗಲೇ ಬಿಗಿದರೆ ಬುಶ್‌ನ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಎಷ್ಟು ಬಿಗಿ ಅನ್ನೋದು ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ. ಟಾರ್ಕ್ ಪಾನಾ ಇಲ್ಲದವರು ಆಮೇಲೆ ಒಮ್ಮೆ ಮಿಸ್ತ್ರಿ ಕಡೆಯಿಂದ ಬಿಗಿ ನೋಡಿಸಿಕೊಳ್ಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಸೀಟನ್ನು ಹತ್ತು ಸಲ ಒತ್ತಿ ಬಿಡಿ. ಚೈನಿನ ಸಡಿಲ ನೋಡಿ. ಟೈರು, ಗಾರ್ಡ್ ಎಲ್ಲೂ ತಾಗುತ್ತಿಲ್ಲ ಅಂತ ಬಗ್ಗಿ ನೋಡಿ. ಹೆಡ್‌ಲೈಟಿನ ಬೆಳಕು ಎಲ್ಲಿ ಬೀಳುತ್ತದೆ ಅಂತ ಸಂಜೆ ಒಮ್ಮೆ ಗೋಡೆಗೆ ಹಿಡಿದು ನೋಡಿ, ಹಿಂಭಾಗ ಎದ್ದಿದ್ದರೆ ಬೆಳಕು ತಗ್ಗಿರುತ್ತದೆ. ಮೊದಲು ಒಬ್ಬರೇ ಎರಡು ಕಿಲೋಮೀಟರ್ ನಿಧಾನ ಓಡಿಸಿ. ಅವತ್ತೇ ಹಿಂದೆ ಯಾರನ್ನೂ ಕೂರಿಸಬೇಡಿ. 100 ಕಿಲೋಮೀಟರ್ ಆದ ಮೇಲೆ ನಾಲ್ಕೂ ನಟ್ಟಿನ ಬಿಗಿ ಮತ್ತೊಮ್ಮೆ ನೋಡಿ.

ಹಳೆಯ ಜೋಡಿ ಗ್ಯಾಸಿನದಾಗಿದ್ದರೆ ತೂತು ಕೊರೆಯಬೇಡಿ, ಬೆಂಕಿಗೆ ಹಾಕಬೇಡಿ, ಗುಜರಿಯವರಿಗೆ ಕೊಡುವಾಗ ಗ್ಯಾಸ್ ಇದೆ ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವರು ಅದನ್ನು ಹಾಗೇ ಕತ್ತರಿಸುವ ಯಂತ್ರಕ್ಕೆ ಕೊಟ್ಟುಬಿಡಬಹುದು. ಸಾದಾ ಜೋಡಿಯ ಆಯಿಲ್ ಸೋರಿದ್ದರೆ ಡಬ್ಬಿಯಲ್ಲಿ ಹಿಡಿದಿಡಿ, ಅಂಗಳದ ಮಣ್ಣಿಗೋ ಬಾವಿಯ ಹತ್ತಿರವೋ ಸುರಿಯಬೇಡಿ. ಹಳೆಯ ನಟ್ಟು, ವಾಷರ್ ಚೆನ್ನಾಗಿದ್ದರೆ ಒಂದು ಡಬ್ಬಿಯಲ್ಲಿ ಇಟ್ಟುಕೊಳ್ಳಿ.